ವಿಶ್ವದ ನಕ್ಷೆಯ ಡೊಂಕು



1912ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅರಿಜೋನಾದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ಅವರು ಆಂಡ್ರೊಮಿಡಾದ ಬೆಳಕನ್ನು ರೋಹಿತವಾಗಿ ಬಿಡಿಸಿ ಫೋಟೊ ಫಲಕದ ಮೇಲೆ ಹಿಡಿದರು. ಅದು ನಮ್ಮ ಆಕಾಶಗಂಗೆಯಂಥದೇ ಇನ್ನೊಂದು ಗೆಲಾಕ್ಸಿ ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ. ರೋಹಿತದ ಗೆರೆಗಳು ಇರಬೇಕಾದ ಜಾಗಕ್ಕಿಂತ ನೀಲಿಯ ಕಡೆಗೆ ಸರಿದಿದ್ದವು. ಲೆಕ್ಕ ಹಾಕಿದರೆ ಆಂಡ್ರೊಮಿಡಾ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿತ್ತು. ಮನುಷ್ಯರು ಅಳೆದ ಮೊದಲ ಗೆಲಾಕ್ಸಿಯ ವೇಗ ಅದು.

ಹದಿನೇಳು ವರ್ಷಗಳ ನಂತರ, 1929ರಲ್ಲಿ, ಎಡ್ವಿನ್ ಹಬಲ್ ಅವರು ಗೆಲಾಕ್ಸಿ ಎಷ್ಟು ದೂರವೋ ಅಷ್ಟು ವೇಗವಾಗಿ ನಮ್ಮಿಂದ ದೂರ ಸರಿಯುತ್ತಿದೆ ಎಂದು ತೋರಿಸಿದರು. ಅಲ್ಲಿಂದಾಚೆಗೆ ರೋಹಿತದ ಗೆರೆಗಳು ಕೆಂಪಿನ ಕಡೆಗೆ ಸರಿದ ಪ್ರಮಾಣವೇ, ಅಂದರೆ ಕೆಂಪು ಪಲ್ಲಟವೇ, ಖಗೋಳ ವಿಜ್ಞಾನದ ಅಳತೆಗೋಲಾಯಿತು. ಗೆಲಾಕ್ಸಿಯ ರೋಹಿತ ಸಿಕ್ಕಿದರೆ ದೂರ ಸಿಕ್ಕಿದಂತೆ. ಈ ಅಳತೆಗೋಲನ್ನು ಆಂಡ್ರೊಮಿಡಾಕ್ಕೆ ಹಿಡಿದರೆ ಏನಾಗುತ್ತದೆ? ದೂರ ಸೊನ್ನೆಗಿಂತ ಕಡಿಮೆ ಬರುತ್ತದೆ. ನಿಜದಲ್ಲಿ ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ಆಚೆಗಿದೆ. ಅಳತೆಗೋಲು ಹುಟ್ಟುವ ಮೊದಲೇ ಅದರ ಕೊರತೆಯ ಸಾಕ್ಷಿ ಸ್ಲೈಫರ್ ಅವರ ಫಲಕದ ಮೇಲೆ ಕೂತಿತ್ತು.

ಕೊರತೆಯ ಕಾರಣ ಇಷ್ಟೆ. ಗೆಲಾಕ್ಸಿಯ ವೇಗದಲ್ಲಿ ಎರಡು ಪಾಲಿವೆ. ಒಂದು ವಿಶ್ವ ಹಿಗ್ಗುತ್ತಿರುವುದರಿಂದ ಬಂದದ್ದು. ಇನ್ನೊಂದು ನೆರೆಯ ಗೆಲಾಕ್ಸಿಗಳ ಗುರುತ್ವ ಎಳೆದಾಗ ಹುಟ್ಟುವ ಸ್ವಂತ ವೇಗ. ರೋಹಿತ ಈ ಎರಡನ್ನೂ ಕೂಡಿಸಿ ಒಂದೇ ಸಂಖ್ಯೆಯಾಗಿ ಕೊಡುತ್ತದೆ, ಬಿಡಿಸಿ ಕೊಡುವುದಿಲ್ಲ. ಹಿಗ್ಗುವಿಕೆಯ ಪಾಲು ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಸುಮಾರು 70 ಕಿಲೋಮೀಟರ್‌ನಂತೆ ಏರುತ್ತದೆ. ಈ ಲೆಕ್ಕದಲ್ಲಿ ಒಂದು ಗೆಲಾಕ್ಸಿಗೆ ಸೆಕೆಂಡಿಗೆ 300 ಕಿಲೋಮೀಟರ್ ಸ್ವಂತ ವೇಗವಿದ್ದರೆ ನಕ್ಷೆಯಲ್ಲಿ ಅದು ಸುಮಾರು 1.4 ಕೋಟಿ ಜ್ಯೋತಿರ್ವರ್ಷ ಜಾಗ ತಪ್ಪುತ್ತದೆ. ನಮ್ಮ ಸೂರ್ಯನೂ ಸುಮ್ಮನೆ ನಿಂತಿಲ್ಲ. ವಿಶ್ವದ ಹಿನ್ನೆಲೆ ಸೂಕ್ಷ್ಮತರಂಗ ವಿಕಿರಣಕ್ಕೆ ಹೋಲಿಸಿದರೆ ಅದು ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ಓಡುತ್ತಿದೆ. ಅದನ್ನು ಕಳೆಯುವುದು ಸುಲಭ, ಏಕೆಂದರೆ ಆ ವೇಗವೂ ದಿಕ್ಕೂ ನಮಗೆ ಗೊತ್ತು. ಕೋಟಿಗಟ್ಟಲೆ ಗೆಲಾಕ್ಸಿಗಳ ಸ್ವಂತ ವೇಗವನ್ನು ಒಂದೊಂದಾಗಿ ಅಳೆದು ಕಳೆಯಲು ಸಾಧ್ಯವಿಲ್ಲ.

ಇಲ್ಲಿ ಒಂದು ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಈ ತಪ್ಪು ಎಲ್ಲ ದಿಕ್ಕಿನಲ್ಲೂ ಸಮನಾಗಿಲ್ಲ. ಆಕಾಶದಲ್ಲಿ ಗೆಲಾಕ್ಸಿ ಎಡಕ್ಕಿದೆಯೋ ಬಲಕ್ಕಿದೆಯೋ, ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ದೂರದರ್ಶಕ ಅತಿ ನಿಖರವಾಗಿ ಹೇಳುತ್ತದೆ. ಆಳ ಮಾತ್ರ ಕೆಂಪು ಪಲ್ಲಟದಿಂದ ಬರುತ್ತದೆ. ಹಾಗಾಗಿ ನಮ್ಮ ನಕ್ಷೆ ಅಡ್ಡಲಾಗಿ ಸರಿಯಾಗಿದೆ, ಉದ್ದಕ್ಕೆ, ಅಂದರೆ ನಮ್ಮ ದೃಷ್ಟಿರೇಖೆಯ ಗುಂಟ, ಡೊಂಕಾಗಿದೆ. ವಿಶ್ವಕ್ಕೆ ನಮ್ಮ ದೃಷ್ಟಿರೇಖೆ ಏನೇನೂ ವಿಶೇಷವಲ್ಲ. ನಕ್ಷೆಯಲ್ಲಿ ಆ ಒಂದು ದಿಕ್ಕಿಗೆ ವಿಶೇಷ ಕಂಡರೆ ಅದು ವಿಶ್ವದ ಆಕಾರದಿಂದ ಬಂದುದಾಗಿರಲಾರದು. ಹೀಗೆ ಡೊಂಕು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ.

ಇಂದು ನಾನು ಹೇಳಬೇಕೆಂದಿರುವುದು ಈ ಡೊಂಕುಗಳ ವಿಚಾರ. ಇವೆಲ್ಲ ಒಂದೇ ಜಾತಿಯವಲ್ಲ. ಕೆಲವು ನಮ್ಮ ಉಪಕರಣ, ನಮ್ಮ ಆಕಾಶಗಂಗೆಯ ಧೂಳು, ನಮ್ಮ ವಾತಾವರಣ ಇವು ಮಾಡಿದ ಕಲೆಗಳು. ಅವನ್ನು ತೆಗೆಯಲೇಬೇಕು. ಇನ್ನು ಕೆಲವು ಗುರುತ್ವ ತಾನೇ ಬರೆದ ಬರಹ. ಅವನ್ನು ಒರೆಸಿ ಹಾಕಿದರೆ ನಾವು ಹುಡುಕಿ ಹೊರಟದ್ದನ್ನೇ ಒರೆಸಿದಂತೆ. ಯಾವುದನ್ನು ತಿದ್ದಬೇಕು, ಯಾವುದನ್ನು ಓದಬೇಕು ಎಂದು ವಿಂಗಡಿಸುವ ಕೆಲಸ ವಿಶ್ವವಿಜ್ಞಾನದ ನಡುಮನೆಯ ಕೆಲಸ ಎಂದು ನಾನು ನಂಬಿದ್ದೇನೆ. ಪತ್ರಿಕೆಗಳ ಸುದ್ದಿಯಲ್ಲಿ ಅದು ಕಾಣುವುದಿಲ್ಲ, ಅದಕ್ಕೇ ಇಂದು ಅದನ್ನು ಆರಿಸಿಕೊಂಡೆ.

1986ರಲ್ಲಿ ವೆಲರಿ ಡಿ ಲಾಪರಂಟ್, ಮಾರ್ಗರೆಟ್ ಗೆಲರ್, ಜಾನ್ ಹಕ್ರಾ ಎಂಬ ಮೂವರು ಹಾರ್ವರ್ಡ್-ಸ್ಮಿತ್‌ಸೋನಿಯನ್ ಕೇಂದ್ರದಿಂದ ಒಂದು ನಕ್ಷೆ ಪ್ರಕಟಿಸಿದರು. ಆಕಾಶದಲ್ಲಿ 6 ಡಿಗ್ರಿ ಅಗಲ, 117 ಡಿಗ್ರಿ ಉದ್ದದ ಒಂದು ಪಟ್ಟಿ, ಅದರಲ್ಲಿ ಸುಮಾರು 1,100 ಗೆಲಾಕ್ಸಿಗಳು. ಗೆಲಾಕ್ಸಿಗಳು ಎಲ್ಲೆಂದರಲ್ಲಿ ಚೆಲ್ಲಿರಲಿಲ್ಲ. ದೊಡ್ಡ ದೊಡ್ಡ ಬರಿದು ಪ್ರದೇಶಗಳ ಅಂಚಿನಲ್ಲಿ ತೆಳುವಾದ ಪದರಗಳಾಗಿ ಸಾಲುಗಟ್ಟಿದ್ದವು. ವಿಶ್ವಕ್ಕೆ ಇಂಥದೊಂದು ಹೆಣಿಗೆ ಇದೆ ಎಂದು ಜಗತ್ತಿಗೆ ಕಣ್ಣಾರೆ ತೋರಿಸಿದ ಚಿತ್ರ ಅದು. ಆ ನಕ್ಷೆಯ ನಡುವೆ ಕೈಕಾಲು ಚಾಚಿ ನಿಂತ ಮನುಷ್ಯನ ಗೆರೆಚಿತ್ರದಂಥ ಒಂದು ಆಕೃತಿಯಿದೆ. ಅದರ ಮುಂಡ ನಮ್ಮ ಕಡೆಗೆ ನೇರವಾಗಿ ತೋರುವ ಒಂದು ಉದ್ದನೆಯ ಗೆರೆ.

ಆ ಮುಂಡ ವಾಸ್ತವದಲ್ಲಿ ಇಲ್ಲ. ಅದು ಕೋಮಾ ಗೆಲಾಕ್ಸಿ ಗುಚ್ಛ. ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳು ಗುರುತ್ವದಿಂದ ಬಿಗಿದುಕೊಂಡು ಉಂಡೆಯಾಗಿರುವ ಜಾಗ. ಅದರ ಅಡ್ಡಳತೆ ಹೆಚ್ಚೆಂದರೆ 2 ಕೋಟಿ ಜ್ಯೋತಿರ್ವರ್ಷದ ಆಸುಪಾಸು. ಆದರೆ ಒಳಗಿನ ಗೆಲಾಕ್ಸಿಗಳು ಸೆಕೆಂಡಿಗೆ ಸಾವಿರ ಕಿಲೋಮೀಟರ್‌ನಷ್ಟು ವೇಗದಲ್ಲಿ ಅತ್ತಿತ್ತ ಸುತ್ತುತ್ತಿವೆ. ನಮ್ಮತ್ತ ಬರುವವು ನಕ್ಷೆಯಲ್ಲಿ ಮುಂದಕ್ಕೂ ದೂರ ಹೋಗುವವು ಹಿಂದಕ್ಕೂ ಬೀಳುತ್ತವೆ. ಸೆಕೆಂಡಿಗೆ ಸಾವಿರ ಕಿಲೋಮೀಟರ್ ಎಂದರೆ ನಕ್ಷೆಯಲ್ಲಿ ನಾಲ್ಕೂವರೆ ಕೋಟಿ ಜ್ಯೋತಿರ್ವರ್ಷಕ್ಕೂ ಹೆಚ್ಚು. ಉಂಡೆ ಹೀಗೆ ಕೋಲಾಗುತ್ತದೆ, ಮತ್ತು ಆ ಕೋಲು ಪ್ರತಿಸಲವೂ ಸರಿಯಾಗಿ ಭೂಮಿಯತ್ತಲೇ ಬೊಟ್ಟು ಮಾಡುತ್ತದೆ. ಖಗೋಳ ವಿಜ್ಞಾನಿಗಳು ಇವನ್ನು ದೇವರ ಬೆರಳುಗಳು ಎಂದು ಕರೆಯುತ್ತಾರೆ.

ನಕ್ಷೆ ಬರೆಯುವವರಿಗೆ ಈ ಬೆರಳು ಕಾಟ. ಗುಚ್ಛಗಳನ್ನು ಗುರುತಿಸಿ ಬೆರಳನ್ನು ಅಡ್ಡಳತೆಯಷ್ಟಕ್ಕೆ ಕುಗ್ಗಿಸಿ ಮತ್ತೆ ಉಂಡೆ ಮಾಡುವ ವಿಧಾನಗಳಿವೆ. ಆದರೆ ಇದೇ ಕೋಮಾ ಗುಚ್ಛದಲ್ಲಿ, ನಕ್ಷೆ ಬರುವುದಕ್ಕೆ ಅರ್ಧ ಶತಮಾನ ಮೊದಲೇ, ಇದೇ ವೇಗಗಳ ಹರಹನ್ನು ಕಂಡು ಬೇರೆಯದೇ ಪ್ರಶ್ನೆ ಕೇಳಿದವರಿದ್ದರು. 1933ರಲ್ಲಿ ಫ್ರಿಟ್ಜ್ ಜ್ವಿಕಿ ಅವರು, ಗೆಲಾಕ್ಸಿಗಳು ಇಷ್ಟು ವೇಗವಾಗಿ ಓಡಿದರೆ ಗುಚ್ಛ ಯಾವತ್ತೋ ಚದುರಿ ಹೋಗಬೇಕಿತ್ತಲ್ಲ, ಹಿಡಿದಿಟ್ಟಿರುವುದು ಏನು ಎಂದು ಕೇಳಿದರು. ಕಾಣುವ ನಕ್ಷತ್ರಗಳ ತೂಕ ಅದಕ್ಕೆ ಸಾಲದು ಎಂಬ ಉತ್ತರ ಬಂತು. ಕಾಣದ ದ್ರವ್ಯದ, ಅಂದರೆ ಕಪ್ಪು ದ್ರವ್ಯದ, ಮೊದಲ ಬಲವಾದ ಸುಳಿವು ಅದು. ಬೆರಳಿನ ಉದ್ದವೇ ಗುಚ್ಛದ ತೂಕದ ಅಳತೆ. ಅದನ್ನು ದೋಷವೆಂದು ಮಾತ್ರ ನೋಡಿದ್ದರೆ ಕಪ್ಪು ದ್ರವ್ಯ ಎಷ್ಟು ವರ್ಷ ತಡವಾಗಿ ಸಿಗುತ್ತಿತ್ತೋ.

ಗುಚ್ಛದ ಒಳಗೆ ಹೀಗಾದರೆ ಹೊರಗೆ ಇದಕ್ಕೆ ತೀರಾ ವಿರುದ್ಧವಾದದ್ದು ನಡೆಯುತ್ತದೆ. ಕೋಟ್ಯಂತರ ಜ್ಯೋತಿರ್ವರ್ಷ ವಿಸ್ತಾರದ ಒಂದು ದಟ್ಟ ಪ್ರದೇಶವನ್ನು ಯೋಚಿಸಿ. ಸುತ್ತಲಿನ ಗೆಲಾಕ್ಸಿಗಳು ನಿಧಾನವಾಗಿ ಅದರ ಕಡೆಗೆ ಬೀಳುತ್ತಿವೆ. ನಮ್ಮ ಹತ್ತಿರದ ಮಗ್ಗುಲಲ್ಲಿರುವವು ಕೇಂದ್ರದ ಕಡೆಗೆ ಬೀಳುವುದೆಂದರೆ ನಮ್ಮಿಂದ ದೂರ ಹೋಗುವುದು. ಹಾಗಾಗಿ ನಕ್ಷೆಯಲ್ಲಿ ಅವು ಇರುವುದಕ್ಕಿಂತ ಹಿಂದೆ ಕಾಣುತ್ತವೆ. ಆಚೆ ಮಗ್ಗುಲಿನವು ನಮ್ಮತ್ತ ಬೀಳುತ್ತವೆ, ಇರುವುದಕ್ಕಿಂತ ಮುಂದೆ ಕಾಣುತ್ತವೆ. ಎರಡು ಮಗ್ಗುಲೂ ಒಳಕ್ಕೆ ಸರಿದು ಪ್ರದೇಶ ದೃಷ್ಟಿರೇಖೆಯ ಗುಂಟ ಚಪ್ಪಟೆಯಾಗುತ್ತದೆ. ದಟ್ಟ ಜಾಗ ಇನ್ನೂ ದಟ್ಟವಾಗಿ, ಬರಿದು ಜಾಗ ಇನ್ನೂ ಬರಿದಾಗಿ ಕಾಣುತ್ತದೆ.

1987ರಲ್ಲಿ ಬ್ರಿಟಿಷ್ ವಿಜ್ಞಾನಿ ನಿಕ್ ಕೈಸರ್ ಅವರು ಈ ಚಪ್ಪಟೆತನವನ್ನು ಒಂದು ಚಿಕ್ಕ ಸೂತ್ರಕ್ಕೆ ಇಳಿಸಿದರು. ಗೆಲಾಕ್ಸಿಗಳ ಹೆಚ್ಚು-ಕಡಿಮೆಯ ಅಲೆಗಳನ್ನು ದಿಕ್ಕುವಾರು ಬಿಡಿಸಿ ನೋಡಿದರೆ, ದೃಷ್ಟಿರೇಖೆಯ ಗುಂಟ ಇರುವ ಅಲೆಯ ಎತ್ತರ ಒಂದಕ್ಕೆ ಬೀಟಾ ಎಂಬ ಸಂಖ್ಯೆ ಸೇರಿಸಿದಷ್ಟು ಪಟ್ಟು ಹೆಚ್ಚುತ್ತದೆ, ಅಡ್ಡಲಾಗಿರುವ ಅಲೆ ಇದ್ದಂತೆಯೇ ಉಳಿಯುತ್ತದೆ. ನಡುವಿನ ಕೋನಗಳಿಗೆ ನಡುವಿನ ಬೆಲೆ. ಬೀಟಾ 0.4 ಆಗಿದ್ದರೆ, ದಿಕ್ಕುಗಳನ್ನೆಲ್ಲ ಸರಾಸರಿ ಮಾಡಿದಾಗ ರಚನೆಯ ಬಲ ನಿಜಕ್ಕಿಂತ ಸುಮಾರು 30% ಹೆಚ್ಚು ಕಾಣುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಿಶ್ವದಲ್ಲಿ ಎಷ್ಟು ದ್ರವ್ಯವಿದೆ ಎಂದು ಹೇಳಲು ಹೊರಟವರು ದಾರಿ ತಪ್ಪುತ್ತಾರೆ.

ಆ ಬೀಟಾ ಎಂದರೇನು? ರಚನೆ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬುದನ್ನು, ಗೆಲಾಕ್ಸಿಗಳು ದ್ರವ್ಯವನ್ನು ಎಷ್ಟು ಉತ್ಪ್ರೇಕ್ಷೆಯಿಂದ ತೋರಿಸುತ್ತವೆ ಎಂಬುದರಿಂದ ಭಾಗಿಸಿದರೆ ಬರುವ ಸಂಖ್ಯೆ. ಗೆಲಾಕ್ಸಿಗಳು ಎಷ್ಟು ಜೋರಾಗಿ ಬೀಳುತ್ತಿವೆಯೋ ಚಪ್ಪಟೆತನ ಅಷ್ಟು ಹೆಚ್ಚು. ಚಪ್ಪಟೆತನ ಅಳೆದರೆ ಗುರುತ್ವದ ಎಳೆತ ಅಳೆದಂತೆ, ಅದೂ ಕೋಟ್ಯಂತರ ಜ್ಯೋತಿರ್ವರ್ಷಗಳ ವಿಸ್ತಾರದಲ್ಲಿ. ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತೆಯನ್ನು ಸೌರವ್ಯೂಹದಲ್ಲಿ ಪರೀಕ್ಷಿಸಿದ್ದೇವೆ, ಜೋಡಿ ಪಲ್ಸರ್‌ಗಳಲ್ಲಿ ಪರೀಕ್ಷಿಸಿದ್ದೇವೆ. ವಿಶ್ವದಷ್ಟೇ ದೊಡ್ಡ ಅಳತೆಯಲ್ಲಿ ಅದನ್ನು ಪರೀಕ್ಷಿಸುವ ಕೆಲವೇ ದಾರಿಗಳಲ್ಲಿ ನಮ್ಮ ನಕ್ಷೆಯ ಈ ಡೊಂಕು ಒಂದು. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ತಿರುವು ಇದೇ. 2023ರಲ್ಲಿ ತೀರಿಕೊಂಡ ಕೈಸರ್ ಅವರಿಗೆ ಇಂದಿನ ಪ್ರತಿಯೊಂದು ಗೆಲಾಕ್ಸಿ ಸಮೀಕ್ಷೆಯೂ ಋಣಿ.

ಸೂತ್ರ ಬಂದರೂ ಸಾಕಷ್ಟು ದೊಡ್ಡ ನಕ್ಷೆ ಬರುವುದಕ್ಕೆ ಇನ್ನೂ ಒಂದು ದಶಕಕ್ಕೂ ಹೆಚ್ಚು ಕಾಯಬೇಕಾಯಿತು. ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್ ಬೆಟ್ಟದ 3.9 ಮೀಟರ್ ದೂರದರ್ಶಕದಲ್ಲಿ ಒಂದೇ ಸಲಕ್ಕೆ 400 ಗೆಲಾಕ್ಸಿಗಳ ರೋಹಿತ ಹಿಡಿಯುವ ಉಪಕರಣ ಕೂತಿತು. 2001ರಲ್ಲಿ ಜಾನ್ ಪೀಕಾಕ್ ಮತ್ತು ಸಂಗಡಿಗರು ಅದರಿಂದ ನಡೆದ ಸಮೀಕ್ಷೆಯ 1.41 ಲಕ್ಷ ಗೆಲಾಕ್ಸಿಗಳನ್ನು ಬಳಸಿ ಬೀಟಾ 0.43 ಎಂದು, 0.07ರಷ್ಟು ಆಚೀಚೆಯ ಅನಿಶ್ಚಿತತೆಯೊಂದಿಗೆ, ಅಳೆದು ಹೇಳಿದರು. ಅವರು ಬಿಡಿಸಿದ ಚಿತ್ರದಲ್ಲಿ ನಡುವೆ ಉದ್ದುದ್ದ ಬೆರಳು, ಹೊರಗೆ ಅಡ್ಡಡ್ಡ ಚಪ್ಪಟೆ. ನಾನು ಈಗಷ್ಟೇ ವಿವರಿಸಿದ ಎರಡೂ ಒಂದೇ ಚಿತ್ರದಲ್ಲಿ ಕಾಣುತ್ತವೆ. ವಿದ್ಯಾರ್ಥಿಗಳು ಆ ಚಿತ್ರವನ್ನು ಹುಡುಕಿ ನೋಡಲೇಬೇಕು.

ಚಪ್ಪಟೆಯಾಗಲು ಇನ್ನೊಂದು ಕಾರಣವೂ ಇದೆ, ಅದು ನಾವೇ ಮಾಡಿಕೊಂಡದ್ದು. ಕೆಂಪು ಪಲ್ಲಟವನ್ನು ಜ್ಯೋತಿರ್ವರ್ಷಕ್ಕೆ ಬದಲಿಸಲು ವಿಶ್ವ ಹೇಗೆ ಹಿಗ್ಗಿದೆ ಎಂದು ಮೊದಲೇ ಒಂದು ಊಹೆ ಇಟ್ಟುಕೊಳ್ಳಬೇಕು. ಊಹೆ ತಪ್ಪಿದ್ದರೆ ಆಳದ ಅಳತೆ ಒಂದು ಪ್ರಮಾಣದಲ್ಲಿ, ಅಡ್ಡದ ಅಳತೆ ಇನ್ನೊಂದು ಪ್ರಮಾಣದಲ್ಲಿ ತಪ್ಪುತ್ತದೆ. ಗುಂಡಗಿರಬೇಕಾದದ್ದು ಮೊಟ್ಟೆಯಾಕಾರವಾಗುತ್ತದೆ. 1979ರಲ್ಲಿ ಚಾರ್ಲ್ಸ್ ಆಲ್ಕಾಕ್ ಮತ್ತು ಬೋಹ್ಡಾನ್ ಪಚಿನ್ಸ್ಕಿ ಇದನ್ನೇ ಪರೀಕ್ಷೆಯಾಗಿ ತಿರುಗಿಸಿದರು. ಯಾವ ಊಹೆಯಲ್ಲಿ ಆಕೃತಿಗಳು ಸರಾಸರಿಯಲ್ಲಿ ಗುಂಡಗೆ ಬರುತ್ತವೆಯೋ ಆ ಊಹೆ ಸರಿ. ತೊಡಕೆಂದರೆ ಕೈಸರ್ ಚಪ್ಪಟೆಯೂ ಈ ಚಪ್ಪಟೆಯೂ ಮೇಲ್ನೋಟಕ್ಕೆ ಒಂದೇ ತರ. ಬಿಡಿಸುವುದಕ್ಕೆ ನಿಜದ ಉದ್ದ ಮೊದಲೇ ಗೊತ್ತಿರುವ ಏನಾದರೂ ಒಂದು ಗುರುತು ಆಕಾಶದಲ್ಲಿ ಬೇಕು.

ಅದೃಷ್ಟಕ್ಕೆ ಅಂಥದೊಂದು ಇದೆ. ಮಹಾಸ್ಫೋಟದ ನಂತರದ ಮೊದಲ ಸುಮಾರು 3.8 ಲಕ್ಷ ವರ್ಷಗಳ ಕಾಲ ವಿಶ್ವ ಕಾದ ಪ್ಲಾಸ್ಮಾ ಆಗಿತ್ತು. ಅದರಲ್ಲಿ ಒತ್ತಡದ ಅಲೆಗಳು, ಅಂದರೆ ಶಬ್ದದ ಅಲೆಗಳು, ಹರಡುತ್ತಿದ್ದವು. ವಿಶ್ವ ತಣ್ಣಗಾಗಿ ಬೆಳಕು ಬಿಡುಗಡೆಯಾದಾಗ ಅಲೆಗಳು ಇದ್ದಲ್ಲೇ ನಿಂತವು. ಅವು ಅಲ್ಲಿಯವರೆಗೆ ಸಾಗಿದ್ದ ದೂರ, ಇಂದಿನ ಅಳತೆಯಲ್ಲಿ ಸುಮಾರು 48 ಕೋಟಿ ಜ್ಯೋತಿರ್ವರ್ಷ, ಗೆಲಾಕ್ಸಿಗಳ ಹಂಚಿಕೆಯಲ್ಲಿ ಅಚ್ಚಾಗಿ ಉಳಿಯಿತು. ಯಾವುದೇ ಗೆಲಾಕ್ಸಿಯಿಂದ ಅಷ್ಟು ದೂರದಲ್ಲಿ ಇನ್ನೊಂದು ಗೆಲಾಕ್ಸಿ ಸಿಗುವ ಸಂಭವ ಒಂದಿಷ್ಟು ಹೆಚ್ಚು. 2005ರಲ್ಲಿ ಡೇನಿಯಲ್ ಐಸೆನ್‌ಸ್ಟೈನ್ ಮತ್ತು ಸಂಗಡಿಗರು ಸ್ಲೋನ್ ಎಂಬ ಇನ್ನೊಂದು ಗೆಲಾಕ್ಸಿ ಸಮೀಕ್ಷೆಯ 46,748 ಕೆಂಪು ಗೆಲಾಕ್ಸಿಗಳಲ್ಲಿ ಈ ಉಬ್ಬನ್ನು ಕಂಡರು. ಆಸ್ಟ್ರೇಲಿಯಾದ ಸಮೀಕ್ಷೆಯಲ್ಲೂ ಅದೇ ವರ್ಷ ಅದು ಕಂಡಿತು.

ಆದರೆ ಗೆಲಾಕ್ಸಿಗಳು ಸಾವಿರ ಕೋಟಿ ವರ್ಷಗಳಿಗೂ ಹೆಚ್ಚು ಕಾಲದಿಂದ ಒಂದರ ಕಡೆಗೊಂದು ಸರಿಯುತ್ತ ಬಂದಿವೆ. ಹುಟ್ಟಿದ ಜಾಗದಿಂದ ಕೋಟಿಗಟ್ಟಲೆ ಜ್ಯೋತಿರ್ವರ್ಷ ಆಚೀಚೆ ಆಗಿವೆ. ಚೂಪಾಗಿರಬೇಕಾದ ಉಬ್ಬು ಇದರಿಂದ ಮಬ್ಬಾಗುತ್ತದೆ. 2007ರಲ್ಲಿ ಐಸೆನ್‌ಸ್ಟೈನ್, ಹೀ-ಜಾಂಗ್ ಸಿಯೊ, ಎಡ್ವಿನ್ ಸಿರ್ಕೊ ಮತ್ತು ಡೇವಿಡ್ ಸ್ಪರ್ಗೆಲ್ ಒಂದು ದಿಟ್ಟ ಉಪಾಯ ಹೇಳಿದರು. ಗೆಲಾಕ್ಸಿಗಳನ್ನು ಎಳೆದ ದ್ರವ್ಯ ಎಲ್ಲಿದೆ ಎಂದು ಇದೇ ನಕ್ಷೆಯೇ ಹೇಳುತ್ತಿದೆಯಲ್ಲ! ನಕ್ಷೆಯನ್ನು ಒಂದಿಷ್ಟು ನಯಮಾಡಿ, ದಟ್ಟಣೆಯಿಂದ ಗುರುತ್ವದ ಎಳೆತ ಲೆಕ್ಕ ಹಾಕಿ, ಪ್ರತಿ ಗೆಲಾಕ್ಸಿ ಎಷ್ಟು ಸರಿದಿರಬೇಕು ಎಂದು ಅಂದಾಜಿಸಿ, ಅಷ್ಟು ಹಿಂದಕ್ಕೆ ಇಡುವುದು. ಇದರ ಹಿಂದಿನ ಗಣಿತ ರಷ್ಯಾದ ಯಾಕೊವ್ ಜೆಲ್ಡೊವಿಚ್ 1970ರಲ್ಲಿ ಕೊಟ್ಟದ್ದು. 2012ರಲ್ಲಿ ನಿಖಿಲ್ ಪದ್ಮನಾಭನ್ ಮತ್ತು ಸಂಗಡಿಗರು ಇದನ್ನು ಸ್ಲೋನ್ ಸಮೀಕ್ಷೆಯ ನಿಜವಾದ ಗೆಲಾಕ್ಸಿಗಳ ಮೇಲೆ ಮಾಡಿದಾಗ, ದೂರದ ಅಳತೆಯ ಅನಿಶ್ಚಿತತೆ 3.5%ರಿಂದ 1.9%ಕ್ಕೆ ಇಳಿಯಿತು. ಹೊಸದಾಗಿ ಒಂದು ರೋಹಿತವನ್ನೂ ಹಿಡಿಯದೆ, ಮೂರು ಪಟ್ಟು ದೊಡ್ಡ ಸಮೀಕ್ಷೆ ಮಾಡಿದಷ್ಟು ಲಾಭ.

ಈ ಹಂತದಲ್ಲಿ ಒಂದು ವಿಶೇಷ ಗಮನಿಸಿ. ಉಬ್ಬನ್ನು ಚೂಪು ಮಾಡುವಾಗ ಕೈಸರ್ ಚಪ್ಪಟೆಯನ್ನೂ ಆದಷ್ಟು ತೆಗೆದುಹಾಕುತ್ತಾರೆ. ಅದೇ ಸಮೀಕ್ಷೆಯ ಗೆಲಾಕ್ಸಿಗಳನ್ನು ಇಟ್ಟುಕೊಂಡು, ಇನ್ನೊಂದು ಲೇಖನದಲ್ಲಿ ಆ ಚಪ್ಪಟೆಯನ್ನೇ ಜೋಪಾನವಾಗಿ ಕಾಪಾಡಿ ಅಳೆಯುತ್ತಾರೆ. ಒಂದು ಪ್ರಶ್ನೆಗೆ ಕಸವಾದದ್ದು ಇನ್ನೊಂದಕ್ಕೆ ಕಾಳು.

ಇನ್ನು ನಿಜವಾಗಿಯೂ ಕಸವೇ ಆದ ಡೊಂಕುಗಳಿಗೆ ಬರೋಣ. ಇವು ಕೈಸರ್ ಪರಿಣಾಮದಷ್ಟು ಸೊಗಸಲ್ಲ, ಪಠ್ಯಪುಸ್ತಕಗಳಲ್ಲಿ ಇವಕ್ಕೆ ಜಾಗ ಕಡಿಮೆ. ಆದರೆ ಸಮೀಕ್ಷೆಯಲ್ಲಿ ದುಡಿಯುವವರ ಹೆಚ್ಚಿನ ದಿನಗಳು ಇವುಗಳ ಜೊತೆಗೇ ಕಳೆಯುತ್ತವೆ.

ಸ್ಲೋನ್ ಸಮೀಕ್ಷೆಯಲ್ಲಿ ಅಲ್ಯೂಮಿನಿಯಂ ತಟ್ಟೆಗೆ ಗೆಲಾಕ್ಸಿ ಇರುವ ಜಾಗದಲ್ಲೆಲ್ಲ ತೂತು ಕೊರೆದು, ಒಂದೊಂದು ತೂತಿಗೂ ಕೈಯಿಂದ ಒಂದೊಂದು ಆಪ್ಟಿಕಲ್ ಫೈಬರ್ ಎಳೆ ಸಿಕ್ಕಿಸುತ್ತಿದ್ದರು. ಮೊದಲು ತಟ್ಟೆಗೆ 640, ಆಮೇಲೆ 1,000. ಎಳೆಯ ತುದಿಗೆ ಒಂದು ದಪ್ಪವಿದೆ, ಆದ್ದರಿಂದ ಎರಡು ಗೆಲಾಕ್ಸಿಗಳು ಆಕಾಶದಲ್ಲಿ 55 ಆರ್ಕ್ ಸೆಕೆಂಡ್‌ಗಿಂತ ಹತ್ತಿರವಿದ್ದರೆ ಒಂದೇ ತಟ್ಟೆಯಲ್ಲಿ ಎರಡಕ್ಕೂ ಎಳೆ ಹಾಕಲು ಆಗುತ್ತಿರಲಿಲ್ಲ. ಇದರಿಂದ ನೂರರಲ್ಲಿ ಸುಮಾರು ಆರು ಗೆಲಾಕ್ಸಿಗಳಿಗೆ ರೋಹಿತ ಸಿಗದೆ ಹೋಯಿತು. ಆರು ಹೋದರೆ ಹೋಗಲಿ ಎನ್ನುವಂತಿಲ್ಲ. ಜನಗಣತಿಯವರು ಒತ್ತೊತ್ತಾಗಿರುವ ಎರಡು ಮನೆಗಳಲ್ಲಿ ಒಂದಕ್ಕೆ ಮಾತ್ರ ಹೋದರೆ ಹೊಲದ ನಡುವಿನ ಒಂಟಿ ಮನೆಗಳ ಲೆಕ್ಕ ಸರಿಯಿರುತ್ತದೆ, ಕೇರಿಗಳ ಲೆಕ್ಕ ಕೆಡುತ್ತದೆ. ಇಲ್ಲೂ ಹಾಗೆ. ತಪ್ಪಿಹೋದವು ದಟ್ಟ ಪ್ರದೇಶಗಳ ಗೆಲಾಕ್ಸಿಗಳೇ, ನಾವು ಅಳೆಯಲು ಹೊರಟದ್ದು ದಟ್ಟಣೆಯನ್ನೇ.

ಹಳೆಯ ಪರಿಹಾರ ಸರಳವಾದದ್ದು. ರೋಹಿತ ಸಿಕ್ಕ ಪಕ್ಕದ ಗೆಲಾಕ್ಸಿಯನ್ನು ಎರಡು ಎಂದು ಎಣಿಸುವುದು. ದೊಡ್ಡ ದೂರಗಳಿಗೆ ಅದು ಸಾಕು. ಆಕಾಶದಲ್ಲಿ ಪಕ್ಕಪಕ್ಕ ಕಂಡ ಎರಡು ಗೆಲಾಕ್ಸಿಗಳು ಆಳದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದಷ್ಟು ದೂರ ಇರಬಹುದು, ಆದ್ದರಿಂದ ಚಿಕ್ಕ ದೂರಗಳಿಗೆ ಅದು ಕೆಡುತ್ತದೆ. 2017ರಲ್ಲಿ ಡಾವಿಡೆ ಬಿಯಾಂಕಿ ಮತ್ತು ವಿಲ್ ಪರ್ಸಿವಲ್ ಮೂಲದಿಂದ ಯೋಚಿಸಿದರು. ಯಾವ ಗೆಲಾಕ್ಸಿಗೆ ಎಳೆ ಸಿಗಬೇಕು ಎಂಬ ಆಯ್ಕೆಯಲ್ಲಿ ಚೀಟಿ ಎತ್ತುವ ಅಂಶ ಇದ್ದೇ ಇದೆ. ಹಾಗಾದರೆ ಆ ಆಯ್ಕೆಯನ್ನು ಕಂಪ್ಯೂಟರಿನಲ್ಲಿ ನೂರಾರು ಸಲ ಮತ್ತೆ ಮತ್ತೆ ಮಾಡಿ, ಪ್ರತಿ ಜೋಡಿ ಎಷ್ಟು ಸಲ ಆಯ್ಕೆಯಾಯಿತು ಎಂದು ನೋಡಿ, ಅಪರೂಪಕ್ಕೆ ಆಯ್ಕೆಯಾಗುವ ಜೋಡಿಗೆ ಅದೇ ಪ್ರಮಾಣದಲ್ಲಿ ಹೆಚ್ಚು ತೂಕ ಕೊಡುವುದು. ಇದರಲ್ಲಿ ಗೆಲಾಕ್ಸಿಗಳ ಬಗ್ಗೆ ಯಾವ ಊಹೆಯೂ ಇಲ್ಲ, ನಮ್ಮ ಯಂತ್ರ ಏನು ಮಾಡುತ್ತದೆ ಎಂಬ ತಿಳಿವಳಿಕೆ ಮಾತ್ರ ಇದೆ. ಈಗ ಅರಿಜೋನಾದ ಕಿಟ್ ಪೀಕ್‌ನ 4 ಮೀಟರ್ ದೂರದರ್ಶಕದಲ್ಲಿ ನಡೆಯುತ್ತಿರುವ ಡೆಸಿ ಸಮೀಕ್ಷೆಯಲ್ಲಿ ತಟ್ಟೆಗಳಿಲ್ಲ. 5,000 ಪುಟ್ಟ ರೋಬಾಟ್‌ಗಳು ತಾವೇ ಎಳೆಗಳನ್ನು ಸರಿಸಿ ಕೂರಿಸುತ್ತವೆ. ಅಲ್ಲಿ ಈ ಉಪಾಯ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಮುಂದಿನದು ನಕ್ಷತ್ರ ಮತ್ತು ಧೂಳು. ಗೆಲಾಕ್ಸಿಗಳನ್ನು ಆರಿಸುವುದು ಮೊದಲು ತೆಗೆದ ಚಿತ್ರಗಳಿಂದ. ಆಕಾಶಗಂಗೆಯ ಪಟ್ಟಿಗೆ ಹತ್ತಿರ ಹೋದಂತೆ ಮುಂಗಡೆ ನಕ್ಷತ್ರಗಳು ಹೆಚ್ಚು, ಅವುಗಳ ಹೊಳಪಿನಲ್ಲಿ ಹಿಂದಿನ ಮಸುಕು ಗೆಲಾಕ್ಸಿಗಳು ಎಣಿಕೆಗೆ ತಪ್ಪುತ್ತವೆ. ಧೂಳು ಹೆಚ್ಚಿದ್ದಲ್ಲಿ ಗೆಲಾಕ್ಸಿ ಇನ್ನೂ ಮಸುಕಾಗಿ, ಇನ್ನೂ ಕೆಂಪಾಗಿ ಕಾಣುತ್ತದೆ. ವಾತಾವರಣ ಅಲುಗಾಡಿದ ರಾತ್ರಿ ತೆಗೆದ ಚಿತ್ರದಲ್ಲಿ ಗೆಲಾಕ್ಸಿಯನ್ನು ನಕ್ಷತ್ರದಿಂದ ಬೇರೆಮಾಡುವುದು ಕಷ್ಟ. ಸ್ಲೋನ್‌ನ ನಂತರದ ಸಮೀಕ್ಷೆಯಲ್ಲಿ ಆಶ್ಲಿ ರಾಸ್ ಮತ್ತು ಸಂಗಡಿಗರು ಒಂದೊಂದನ್ನೇ ಹೋಲಿಸಿ ನೋಡಿದಾಗ ಎಲ್ಲಕ್ಕಿಂತ ಹೆಚ್ಚು ಕೆಡಿಸುತ್ತಿದ್ದದ್ದು ನಕ್ಷತ್ರಗಳ ದಟ್ಟಣೆ ಎಂದು ತಿಳಿಯಿತು. ಇದನ್ನು ತಿದ್ದದೆ ಬಿಟ್ಟರೆ ನಮ್ಮ ಆಕಾಶಗಂಗೆಯ ಆಕಾರವೇ ದೂರದ ವಿಶ್ವದ ಒಂದು ಭಾರೀ ರಚನೆಯಂತೆ ನಕ್ಷೆಯಲ್ಲಿ ಮೂಡುತ್ತದೆ. ವಿಶ್ವದ ಮೊದಲ ಕ್ಷಣಗಳ ಸುಳಿವು ಹುಡುಕುವವರು ನೋಡುವುದೂ ಇದೇ ಅತಿ ದೊಡ್ಡ ಅಳತೆಗಳಲ್ಲಿ.

ಪರಿಹಾರವಾಗಿ ನಕ್ಷತ್ರ, ಧೂಳು, ವಾತಾವರಣ ಇವುಗಳ ನಕ್ಷೆಗಳನ್ನು ಗೆಲಾಕ್ಸಿ ನಕ್ಷೆಯ ಜೊತೆ ಹೋಲಿಸಿ, ಹೊಂದಾಣಿಕೆ ಕಂಡಲ್ಲೆಲ್ಲ ತೂಕ ಬದಲಿಸುತ್ತಾರೆ. ಅಪಾಯ ಇರುವುದು ಅತಿಯಾಗಿ ತಿದ್ದುವುದರಲ್ಲಿ. ಹತ್ತಿಪ್ಪತ್ತು ನಕ್ಷೆಗಳನ್ನು ಒಟ್ಟಿಗೆ ಹಿಡಿದು ಹೊಂದಾಣಿಕೆ ಹುಡುಕಿದರೆ, ಅವುಗಳಲ್ಲಿ ಯಾವುದಾದರೂ ಒಂದು ನಿಜವಾದ ಗೆಲಾಕ್ಸಿ ರಚನೆಯನ್ನು ಆಕಸ್ಮಿಕವಾಗಿ ಹೋಲಿಯೇ ಹೋಲುತ್ತದೆ. ಆಗ ತಿದ್ದುಪಡಿಯ ಹೆಸರಿನಲ್ಲಿ ನಿಜದ ರಚನೆಯೇ ಅಳಿಯುತ್ತದೆ. ಮಾಯವಾದದ್ದು ಮಾಯವಾದದ್ದೇ, ನಕ್ಷೆ ನೋಡುವವರಿಗೆ ಅದರ ಕುರುಹೂ ಸಿಗುವುದಿಲ್ಲ. ನನ್ನ ಮಟ್ಟಿಗೆ ಕಡಿಮೆ ತಿದ್ದಿದ ನಕ್ಷೆಗಿಂತ ಹೆಚ್ಚು ತಿದ್ದಿದ ನಕ್ಷೆ ಅಪಾಯಕಾರಿ. ಕೊಳೆ ಉಳಿದ ನಕ್ಷೆಯನ್ನು ಇನ್ನೊಬ್ಬರು ತೊಳೆಯಬಹುದು.

ಹೀಗೆ ಅತಿಯಾಗಿ ತಿದ್ದದಂತೆ ಎರಡು ಕಾವಲುಗಳಿವೆ. ಒಂದು, ಕಂಪ್ಯೂಟರಿನಲ್ಲಿ ಸಾವಿರದಷ್ಟು ಕೃತಕ ವಿಶ್ವಗಳನ್ನು ಕಟ್ಟಿ, ನಿಜದ ಸಮೀಕ್ಷೆಯಲ್ಲಿ ಆದ ಎಲ್ಲ ಕೊರತೆಗಳನ್ನೂ ಅವುಗಳಲ್ಲಿ ಬೇಕೆಂದೇ ತುಂಬಿ, ತಿದ್ದುವ ವಿಧಾನ ಮೊದಲೇ ಗೊತ್ತಿರುವ ಉತ್ತರವನ್ನು ಮರಳಿ ಕೊಡುತ್ತದೆಯೇ ಎಂದು ನೋಡುವುದು. ಎರಡನೆಯದು ಕಣ್ಣು ಕಟ್ಟಿಕೊಳ್ಳುವುದು. ಡೆಸಿ ತಂಡ ಮೊದಲ ವರ್ಷದ ಮಾಹಿತಿಯನ್ನು ವಿಶ್ಲೇಷಿಸುವಾಗ ಗೆಲಾಕ್ಸಿಗಳ ಕೆಂಪು ಪಲ್ಲಟಗಳನ್ನು ವಿಶ್ಲೇಷಕರಿಗೆ ತಿಳಿಯದ ರೀತಿಯಲ್ಲಿ ಸ್ವಲ್ಪ ಸರಿಸಿಟ್ಟಿತ್ತು. ವಿಧಾನಗಳೆಲ್ಲ ಅಂತಿಮವಾಗಿ, ಎಲ್ಲ ಪರೀಕ್ಷೆಗಳೂ ಮುಗಿದ ಮೇಲಷ್ಟೇ ನಿಜದ ಸಂಖ್ಯೆಗಳನ್ನು ಹಾಕಿ ಉತ್ತರ ನೋಡಿದರು. ಬಯಸಿದ ಉತ್ತರ ಬಂದಾಗ ತಿದ್ದುವುದನ್ನು ನಿಲ್ಲಿಸಿಬಿಡುವ ಪ್ರವೃತ್ತಿ ಎಷ್ಟೇ ಪ್ರಾಮಾಣಿಕ ವಿಜ್ಞಾನಿಗೂ ಇರುತ್ತದೆ. ಅದಕ್ಕೆ ಅವಕಾಶವೇ ಇಲ್ಲದಂತೆ ಕೆಲಸವನ್ನು ಜೋಡಿಸಿದ್ದು ನನಗೆ ತುಂಬ ಗೌರವ ಹುಟ್ಟಿಸುತ್ತದೆ.

ಕರ್ನಾಟಕದ ನೀರಿನ ಮೇಲೆ ನಡೆದ ಒಂದು ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ಅದು ಗೆಲಾಕ್ಸಿ ನಕ್ಷೆಯದಲ್ಲ, ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ನಿನ ರೇಡಿಯೊ ಸಂಕೇತಕ್ಕೆ ಸಂಬಂಧಿಸಿದ್ದು. ಆದರೆ ಕಂಡದ್ದು ಕಲೆಯೋ ಬರಹವೋ ಎಂಬ ಪ್ರಶ್ನೆ ಅಲ್ಲೂ ಇದೇ. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ನೆಲದ ಮೇಲೆ ಇಟ್ಟ ಎಡ್ಜಸ್ ಎಂಬ ಆಂಟೆನಾ ಆಕಾಶದ ರೇಡಿಯೊ ರೋಹಿತದಲ್ಲಿ 78 ಮೆಗಾಹರ್ಟ್ಜ್ ಬಳಿ ಒಂದು ತಗ್ಗು ಕಂಡಿತೆಂದು ವರದಿಯಾಯಿತು. ತಗ್ಗು ನಿರೀಕ್ಷೆಗಿಂತ ಬಹಳ ಆಳವಾಗಿತ್ತು. ಹೊಸ ಭೌತವಿಜ್ಞಾನ ಬೇಕೆಂದು ಲೇಖನಗಳ ಮೇಲೆ ಲೇಖನ ಬಂದವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಬೇರೆ ದಾರಿ ಹಿಡಿದರು. ಆಂಟೆನಾದ ಕೆಳಗಿನ ನೆಲದಲ್ಲಿ ಮಣ್ಣು, ಕಲ್ಲು, ತೇವದ ಪದರಗಳಿರುತ್ತವೆ, ಅವುಗಳಿಂದ ಮರಳಿ ಬರುವ ಅಲೆಗಳು ಸಂಕೇತದಂಥ ಏರಿಳಿತ ಹುಟ್ಟಿಸಬಲ್ಲವು. ಆಳವಾದ ನೀರು ಹಾಗಲ್ಲ, ಎಲ್ಲೆಡೆ ಒಂದೇ ತರ. ಸರಾಸ್ 3 ಎಂಬ ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು: ಎಡ್ಜಸ್ ಹೇಳಿದ ಆಕಾರದ ತಗ್ಗು ಇಲ್ಲಿ ಇಲ್ಲ, 95.3% ವಿಶ್ವಾಸದೊಂದಿಗೆ. ಡೊಂಕನ್ನು ಆಮೇಲೆ ಲೆಕ್ಕದಲ್ಲಿ ತಿದ್ದುವುದಕ್ಕಿಂತ ಅದು ಹುಟ್ಟದ ಜಾಗಕ್ಕೆ ಉಪಕರಣವನ್ನು ಒಯ್ಯುವುದು ಎಷ್ಟು ಬಲವಾದ ಉಪಾಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಕಾಶದ ಸಂಶೋಧನೆಗೆ ನಮ್ಮ ಕೆರೆಯೊಂದು ಹೀಗೆ ಒದಗಿತು ಎನ್ನುವುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಇಷ್ಟೆಲ್ಲ ಸೂಕ್ಷ್ಮ ಯಾಕೆ ಬೇಕು? 2024ರ ಏಪ್ರಿಲ್‌ನಲ್ಲಿ ಡೆಸಿ ತಂಡ, ವಿಶ್ವದ ಹಿಗ್ಗುವಿಕೆಯನ್ನು ಚುರುಕಾಗಿಸುತ್ತಿರುವ ಕಪ್ಪು ಶಕ್ತಿ ಕಾಲದೊಂದಿಗೆ ಬದಲಾಗುತ್ತಿರಬಹುದು ಎಂಬ ಸುಳಿವು ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಮೂರು ವರ್ಷಗಳ ಮಾಹಿತಿಯೊಂದಿಗೆ, 1.4 ಕೋಟಿಗೂ ಹೆಚ್ಚು ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ ಲೆಕ್ಕದೊಂದಿಗೆ, ಆ ಸುಳಿವು ಇನ್ನಷ್ಟು ಗಟ್ಟಿಯಾಯಿತು. ಯಾವ ಸೂಪರ್‌ನೋವಾ ಮಾಹಿತಿಯನ್ನು ಜೊತೆಗೆ ಸೇರಿಸುತ್ತೀರಿ ಎನ್ನುವುದರ ಮೇಲೆ ಅದರ ಬಲ 2.8ರಿಂದ 4.2 ಸಿಗ್ಮಾ. ಭೌತವಿಜ್ಞಾನದಲ್ಲಿ ಶೋಧ ಎಂದು ಕರೆಯಲು ವಾಡಿಕೆಯಂತೆ 5 ಬೇಕು. ಕಪ್ಪು ಶಕ್ತಿ ಎಂದರೆ ನಿರ್ವಾತದ ಸ್ಥಿರ ಶಕ್ತಿ ಎಂಬ ನಂಬಿಕೆ ಬಿದ್ದುಹೋಗುತ್ತದೋ ಉಳಿಯುತ್ತದೋ ಎನ್ನುವುದು ನಕ್ಷೆಯಲ್ಲಿ ಒಂದೆರಡು ಶೇಕಡಾದಷ್ಟು ಸರಿಯುವಿಕೆಯ ಮೇಲೆ ನಿಂತಿದೆ. ನಾನು ಇಲ್ಲಿಯವರೆಗೆ ಹೇಳಿದ ಡೊಂಕುಗಳಲ್ಲಿ ಹಲವು ಅದಕ್ಕಿಂತ ದೊಡ್ಡವು. ಕೈಸರ್ ಚಪ್ಪಟೆಯಿಂದ ಗುರುತ್ವವನ್ನು ಪರೀಕ್ಷಿಸಿದ ಡೆಸಿಯ 2024ರ ನವೆಂಬರ್ ಫಲಿತಾಂಶ ಐನ್‌ಸ್ಟೈನರ ಸಿದ್ಧಾಂತಕ್ಕೆ ಹೊಂದಿಕೊಂಡೇ ಬಂದಿದೆ. ಹಿಗ್ಗುವಿಕೆಯಲ್ಲಿ ಕಾಣುವ ಅಚ್ಚರಿ ರಚನೆಯ ಬೆಳವಣಿಗೆಯಲ್ಲಿ ಕಾಣದಿರುವುದಕ್ಕೆ ಕಾರಣವೇನು ಎಂಬುದು ಈಗ ಎಲ್ಲರ ಮುಂದಿರುವ ಪ್ರಶ್ನೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ಡೆಸಿಯ ಮೊದಲ ವರ್ಷದ ಮಾಹಿತಿ, 1.87 ಕೋಟಿ ಕಾಯಗಳ ರೋಹಿತ ಮತ್ತು ದೂರ, 2025ರ ಮಾರ್ಚ್‌ನಿಂದ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿದೆ. ದೂರದರ್ಶಕ ಬೇಡ, ಒಂದು ಸಾಧಾರಣ ಕಂಪ್ಯೂಟರ್ ಸಾಕು. ಅದರ ಗೆಲಾಕ್ಸಿ ಪಟ್ಟಿಯಲ್ಲಿ ಪ್ರತಿ ಗೆಲಾಕ್ಸಿಯ ಎದುರು ತೂಕದ ಕಾಲಮ್‌ಗಳಿವೆ. ಎಳೆ ಸಿಗದೆ ಹೋದದ್ದಕ್ಕೆ ಒಂದು, ನಕ್ಷತ್ರ-ಧೂಳಿಗೆ ಒಂದು, ರೋಹಿತ ಹಿಡಿದರೂ ದೂರ ತಿಳಿಯದೆ ಹೋದದ್ದಕ್ಕೆ ಒಂದು. ಪಟ್ಟಿಯ ಒಂದು ಚಿಕ್ಕ ಭಾಗ ತೆಗೆದುಕೊಂಡು, ಎರಡು ಗೆಲಾಕ್ಸಿಗಳ ನಡುವಿನ ದೂರಕ್ಕೆ ತಕ್ಕಂತೆ ಜೋಡಿಗಳನ್ನು ಎಣಿಸಿ. ಮೊದಲು ಎಲ್ಲ ತೂಕಗಳನ್ನೂ ಸೇರಿಸಿ, ಆಮೇಲೆ ಎಲ್ಲ ತೂಕಗಳನ್ನೂ ಒಂದು ಎಂದು ಮಾಡಿ, ಆಮೇಲೆ ಒಂದೊಂದನ್ನೇ ಬಿಟ್ಟು ಎಣಿಸಿ. ಗೆರೆಗಳು ಎಲ್ಲಿ ಬೇರೆಯಾಗುತ್ತವೆ, ಎಷ್ಟು ಬೇರೆಯಾಗುತ್ತವೆ, ಯಾವ ತೂಕದಿಂದ ಬೇರೆಯಾದವು ಎಂದು ಬರೆದುಕೊಳ್ಳಿ. ಬರೆದು ತಂದವರ ಜೊತೆ ಕೂತು ಮಾತಾಡಲು ನಾನು ಯಾವಾಗಲೂ ಸಿದ್ಧ.